ಊರೂರು ತಿರುಗುವ ನೌಕರರಿಗೆ ಆಫೀಸ್ ನೆಟ್‌ವರ್ಕ್: ಸರಿಯಾದ ದಾರಿ ಆರಿಸುವ ಸಮಗ್ರ ಮಾರ್ಗದರ್ಶಿ

"ಸರ್ರ, ವಿಪಿಎನ್ ಕನೆಕ್ಟ್ ಆಗೇತ್ರಿ. ಆದ್ರ ಟ್ಯಾಲಿ ತೆರೀವಲ್ದು."

ಬೆಳಗಾವಿಯ ಉದ್ಯಮಬಾಗ, ಮಚ್ಚೆ, ಆಟೋ ನಗರದ ಕಾರ್ಖಾನೆಗಳಿಗೆ ನಾನು ನೆಟ್‌ವರ್ಕ್ ಕೆಲಸ ಮಾಡಿಕೊಡುತ್ತೇನೆ. ಈ ಫೋನ್ ನನಗೆ ಪದೇ ಪದೇ ಬರುತ್ತದೆ. ಟ್ಯಾಲಿ ಅಂದರೆ ಲೆಕ್ಕಪತ್ರದ ಸಾಫ್ಟ್‌ವೇರ್, ವಿಪಿಎನ್ ಅಂದರೆ ಹೊರಗಿನಿಂದ ಆಫೀಸ್ ನೆಟ್‌ವರ್ಕ್ ಒಳಗೆ ಬರುವ ಗುಪ್ತ ದಾರಿ. ಸೇಲ್ಸ್ ಹುಡುಗ ಪುಣೆ ಹತ್ತಿರದ ಚಾಕಣದಲ್ಲಿ ಗಿರಾಕಿಯ ಗೇಟ್ ಮುಂದೆ ನಿಂತಿರುತ್ತಾನೆ. ಎರಕದ ಭಾಗದ (ಕಾಸ್ಟಿಂಗ್) ಹಳೆಯ ರೇಟ್ ಬೇಕು, ಡ್ರಾಯಿಂಗ್ ಬೇಕು, ಬಾಕಿ ಎಷ್ಟಿದೆ ಗೊತ್ತಾಗಬೇಕು. ಮಾಲೀಕರು ಫೈರ್‌ವಾಲ್‌ಗೆ, ಅಂದರೆ ನೆಟ್‌ವರ್ಕ್ ಕಾಯುವ ಪೆಟ್ಟಿಗೆಗೆ, ದುಡ್ಡು ಹಾಕಿದ್ದಾರೆ. ವಿಪಿಎನ್ ಕೂಡ ಇದೆ. ಆದರೂ ಕೆಲಸ ಆಗುತ್ತಿಲ್ಲ.

ಹೋಗಿ ನೋಡಿದರೆ ಹೆಚ್ಚಿನ ಕಡೆ ಒಂದೇ ತಪ್ಪು. ಪೆಟ್ಟಿಗೆ ಮೊದಲು ಕೊಂಡಿರುತ್ತಾರೆ. ಹುಡುಗ ದಾರಿಯಲ್ಲಿ ಏನೇನು ತೆರೆಯುತ್ತಾನೆ ಅನ್ನೋ ಪ್ರಶ್ನೆ ಆಮೇಲೆ ಬರುತ್ತದೆ. ಈ ಕ್ರಮವನ್ನೇ ತಿರುಗಿಸಬೇಕು. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. 4ನೇ ಹಂತ ಮುಗಿಯುವವರೆಗೆ ಯಾವ ಪೆಟ್ಟಿಗೆಯನ್ನೂ, ಯಾವ ಲೈಸೆನ್ಸನ್ನೂ ಕೊಳ್ಳಬೇಡಿ.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದ್ದು

ಆಫೀಸ್ ರೂಟರ್‌ನ ಅಡ್ಮಿನ್ ಪಾಸ್‌ವರ್ಡ್. ಇದು ಯಾರ ಹತ್ತಿರ ಇದೆ ಅಂತಲೇ ಎಷ್ಟೋ ಕಡೆ ಗೊತ್ತಿರುವುದಿಲ್ಲ. ಕೇಬಲ್ ಹಾಕಿದ ಹುಡುಗ ಕೆಲಸ ಬಿಟ್ಟು ಹೋಗಿರುತ್ತಾನೆ. ಮೊದಲು ಅದನ್ನು ಹುಡುಕಿ.

ಇಂಟರ್ನೆಟ್ ಬಿಲ್, ಬೇರೆ ಬೇರೆ ಕಂಪನಿಯ 2 ಮೊಬೈಲ್ ಸಿಮ್, ನಿಜವಾಗಿ ಪ್ರಯಾಣಕ್ಕೆ ಹೋಗುವ ಲ್ಯಾಪ್‌ಟಾಪ್, ಒಂದು ನೋಟ್‌ಬುಕ್. ಜೊತೆಗೆ ವಾರದ ರಜೆಯ ದಿನ ಅರ್ಧ ದಿನ ಬಿಡುವು. ಶಿಫ್ಟ್ ನಡೆಯುವಾಗ ರೂಟರ್ ಮುಟ್ಟಬೇಡಿ.

ಹಂತ 1: ಒಂದು ವಾರದ ಕೆಲಸ ಬರೆದುಕೊಳ್ಳಿ

ಓಡಾಡುವ ಪ್ರತಿಯೊಬ್ಬರಿಗೂ ಒಂದು ವಾರ ಹೀಗೆ ಹೇಳಿ: "ಆಫೀಸಿಗೆ ಫೋನ್ ಮಾಡಿ ಏನೇನು ಕೇಳಿದೆಯೋ ಅದನ್ನೆಲ್ಲ ಬರೆದುಕೋ." ಇಷ್ಟೇ. "ನಿನಗೆ ಯಾವ ಸಾಫ್ಟ್‌ವೇರ್ ಬೇಕು" ಅಂತ ಕೇಳಿದರೆ ಎಲ್ಲರೂ "ಎಲ್ಲಾ ಬೇಕು" ಅನ್ನುತ್ತಾರೆ. ಫೋನ್ ಮಾಡಿ ಕೇಳಿದ್ದು ಮಾತ್ರ ನಿಜವಾದ ಅಗತ್ಯ.

ಪ್ರತಿ ಸಾಲಿನ ಮುಂದೆ 3 ವಿಷಯ ಗುರುತು ಹಾಕಿ. ಆ ಮಾಹಿತಿ ಎಲ್ಲಿದೆ? ಟ್ಯಾಲಿಯಲ್ಲೋ, ಸರ್ವರ್‌ನ ಫೋಲ್ಡರ್‌ನಲ್ಲೋ, ಮೇಲ್‌ನಲ್ಲೋ? ನೋಡಿದರೆ ಸಾಕೋ, ತಿದ್ದಬೇಕೋ? ಕೇಳಿದಾಗ ಆತ ಎಲ್ಲಿದ್ದ? ಹೋಟೆಲ್, ಗಿರಾಕಿಯ ಆಫೀಸ್, ಬಸ್, ರೈಲು, ಎಲ್ಲಿದ್ದರೂ ಬರೆಯಿರಿ.

ಎರಡನೆಯ ಗುರುತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬರೀ ನೋಡುವವನಿಗೂ ತಿದ್ದುವವನಿಗೂ ಬೇಕಾದ ದಾರಿ ಬೇರೆ ಬೇರೆ. ಬೆಲೆಯೂ ಬೇರೆ, ಅಪಾಯವೂ ಬೇರೆ.

ಹಂತ 2: ನೆಟ್‌ವರ್ಕ್ ಒಳಗೆ ಬರದೇ ಮುಗಿಯುವ ಕೆಲಸ ತೆಗೆದುಹಾಕಿ

ಈಗ ಆ ಪಟ್ಟಿಯಲ್ಲಿ ಗೆರೆ ಎಳೆಯುತ್ತಾ ಹೋಗಿ. ಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಲ್ಲೋ ಮೈಕ್ರೋಸಾಫ್ಟ್ 365ರಲ್ಲೋ ಇದ್ದರೆ ಅದಕ್ಕೆ ವಿಪಿಎನ್ ಬೇಡ. ಕ್ಯಾಟಲಾಗ್, ಟೆಸ್ಟ್ ಸರ್ಟಿಫಿಕೇಟ್, ಕೊಟೇಶನ್ ನಮೂನೆ ಇವೆಲ್ಲ ಕಂಪನಿಯ ಕ್ಲೌಡ್ ಫೋಲ್ಡರ್‌ಗೆ ಹೋಗಲಿ. ಹೋಗುವ ಮುಂಚೆ ಲ್ಯಾಪ್‌ಟಾಪ್‌ಗೆ ಸಿಂಕ್ ಆದರೆ ಸಿಗ್ನಲ್ ಇಲ್ಲದ ಕಡೆಯೂ ತೆರೆಯುತ್ತವೆ.

ಗಿರಾಕಿಯ ಬಾಕಿ ನೋಡುವುದಕ್ಕೆ ಟ್ಯಾಲಿಪ್ರೈಮ್‌ನಲ್ಲೇ ಬ್ರೌಸರ್ ಮೂಲಕ ವರದಿ ತೋರಿಸುವ ಸೌಲಭ್ಯ ಇದೆ. ಟಿಎಸ್‌ಎಸ್ (ಟ್ಯಾಲಿ ಕಂಪನಿಯ ಸೇವೆ) ಚಂದಾ ಚಾಲ್ತಿಯಲ್ಲಿರಬೇಕು. ಆಫೀಸಿನಲ್ಲಿ ಟ್ಯಾಲಿ ತೆರೆದು ನಿಮ್ಮ ಕಂಪನಿಯ ಲೆಕ್ಕವನ್ನು ಕನೆಕ್ಟ್ ಮಾಡಿ ಇಟ್ಟಿರಬೇಕು. ಬರೀ ನೋಡುವವರಿಗೆ ಇದು ಸಾಕು.

ಈ ಹಂತ ಮುಗಿದಾಗ ಪಟ್ಟಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಆಗಿರುತ್ತದೆ. ಕೆಲವು ಸಣ್ಣ ಆಫೀಸುಗಳಲ್ಲಿ ಏನೂ ಉಳಿಯುವುದಿಲ್ಲ. ಆಗ ಇಲ್ಲಿಗೇ ನಿಲ್ಲಿಸಿ. ಬೇಡದ ಬಾಗಿಲನ್ನು ಸುಮ್ನೆ ತೆರೆದು ಕಾಯುವುದು ಯಾಕೆ, ಅಲ್ವಾ?

ಹಂತ 3: ಆಫೀಸಿನ ಇಂಟರ್ನೆಟ್ ಪರೀಕ್ಷಿಸಿ

ಇಲ್ಲಿ 4 ಪರೀಕ್ಷೆ ಇವೆ. ಮೊದಲನೆಯದನ್ನು ಬಿಟ್ಟವರೇ ಜಾಸ್ತಿ ಸೋಲುತ್ತಾರೆ.

ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರ ತಲುಪಬಹುದಾದ ಇಂಟರ್ನೆಟ್ ವಿಳಾಸ, ಇದೆಯೇ? ರೂಟರ್‌ನ ಸೆಟ್ಟಿಂಗ್ ಪುಟಕ್ಕೆ ಹೋಗಿ ವ್ಯಾನ್ ಐಪಿ (ರೂಟರ್‌ನ ಇಂಟರ್ನೆಟ್ ಕಡೆಯ ವಿಳಾಸ) ಬರೆದುಕೊಳ್ಳಿ. ಆಮೇಲೆ ಅದೇ ಆಫೀಸಿನ ಕಂಪ್ಯೂಟರ್‌ನಿಂದ ಗೂಗಲ್‌ನಲ್ಲಿ ನಿಮ್ಮ ಐಪಿ ಎಷ್ಟು ಅಂತ ಹುಡುಕಿ. ಎರಡೂ ಒಂದೇ ಆದರೆ ಪಬ್ಲಿಕ್ ಐಪಿ ಇದೆ. ಬೇರೆ ಬೇರೆ ಆಗಿ, ರೂಟರ್‌ನಲ್ಲಿ 100.64ರಿಂದ 100.127ರೊಳಗಿನ ಸಂಖ್ಯೆಯೋ, 10ರಿಂದ ಶುರುವಾಗುವ ಸಂಖ್ಯೆಯೋ ಕಂಡರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಇಂಟರ್ನೆಟ್ ಕಂಪನಿ ಎಷ್ಟೋ ಗಿರಾಕಿಗಳಿಗೆ ಹಂಚಿದೆ. ಹೊರಗಿನಿಂದ ಬಂದ ಕರೆ ನಿಮ್ಮ ರೂಟರ್ ತನಕ ಬರುವುದೇ ಇಲ್ಲ. ಎಷ್ಟು ದುಬಾರಿ ಫೈರ್‌ವಾಲ್ ಇಟ್ಟರೂ ಮಾಮೂಲಿ ವಿಪಿಎನ್ ಕನೆಕ್ಟ್ ಆಗುವುದಿಲ್ಲ. ಆಗ ನಿಮಗೆ ಎರಡೇ ದಾರಿ: ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ಪಬ್ಲಿಕ್ ಐಪಿ) ತೆಗೆದುಕೊಳ್ಳಿ, ಇಲ್ಲವೇ ಪಬ್ಲಿಕ್ ಐಪಿ ಬೇಡದ ವಿಧಾನ ಆರಿಸಿ.

ರೂಟರ್‌ನ ವ್ಯಾನ್ ಜಾಗದಲ್ಲಿ 192.168ರ ಸಂಖ್ಯೆ ಕಂಡರೆ ಕಾರಣ ಬೇರೆ ಇರಬಹುದು. ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯೇ ಒಂದು ರೂಟರ್ ಆಗಿ, ಅದರ ಹಿಂದೆ ನಿಮ್ಮದು ಇನ್ನೊಂದು ಇರುತ್ತದೆ. ಫೈಬರ್ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ಸಂಪರ್ಕ ದಾಟಿಸುವ ವಿಧಾನ) ಹಾಕಿಸಿ ಮತ್ತೆ ಪರೀಕ್ಷಿಸಿ.

ಅಪ್‌ಲೋಡ್ ಎಷ್ಟು? ಹೊರಗಿನವನ ಡೌನ್‌ಲೋಡ್ ಅಂದರೆ ಆಫೀಸಿನ ಅಪ್‌ಲೋಡ್. ಬಿಲ್‌ನಲ್ಲಿ 100 ಎಂಬಿಪಿಎಸ್ ಅಂತ ಇದ್ದರೂ ಅಪ್‌ಲೋಡ್ ಬೇರೆ ಇರಬಹುದು. ಕೆಲಸದ ವೇಳೆಯಲ್ಲಿ, ಸಿಸಿಟಿವಿ ಎಲ್ಲಾ ಓಡುತ್ತಿರುವಾಗ ಅಳೆಯಿರಿ. 200 ಎಂಬಿಯ ಡ್ರಾಯಿಂಗ್ ಫೈಲ್ 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಹೋಗಲು ಕಡಿಮೆ ಅಂದರೂ 160 ಸೆಕೆಂಡ್ ಬೇಕು (1 ಎಂಬಿ ಅಂದರೆ 8 ಮೆಗಾಬಿಟ್).

ಒಳಗಿನ ಐಪಿ ಯಾವುದು? 192.168.0 ಅಥವಾ 192.168.1ರಿಂದ ಶುರುವಾಗುತ್ತಿದ್ದರೆ ತೊಂದರೆ ಕಾದಿದೆ. ಹೋಟೆಲ್‌ಗಳ ರೂಟರ್ ಕೂಡ ಬಹಳಷ್ಟು ಇದೇ ಸಂಖ್ಯೆಯಲ್ಲಿ ಇರುತ್ತವೆ. ಲ್ಯಾಪ್‌ಟಾಪ್ 192.168.1.10ರಲ್ಲಿ ನಿಮ್ಮ ಸರ್ವರ್ ಹುಡುಕುವ ಬದಲು ಹೋಟೆಲ್‌ನ ಪ್ರಿಂಟರ್ ಹುಡುಕುತ್ತಾ ಕೂರುತ್ತದೆ. ವಿಪಿಎನ್ ಹಸಿರು ತೋರಿಸುತ್ತದೆ, ಏನೂ ತೆರೆಯುವುದಿಲ್ಲ. ಕೆಲವು ಹೋಟೆಲ್‌ನಲ್ಲಿ ಆಗುತ್ತೆ, ಕೆಲವು ಕಡೆ ಆಗಲ್ಲ ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

ಕರೆಂಟ್ ಹೋದರೆ? ಸರ್ವರ್‌ಗೆ ಯುಪಿಎಸ್ ಇರುತ್ತದೆ. ಗೋಡೆ ಮೇಲಿನ ಫೈಬರ್ ಪೆಟ್ಟಿಗೆಗೆ ಇರುವುದಿಲ್ಲ. ಮೇನ್ ಸ್ವಿಚ್ ಒಂದು ಸಲ ಆರಿಸಿ ನೋಡಿ. ಸರ್ವರ್, ರೂಟರ್, ಫೈಬರ್ ಪೆಟ್ಟಿಗೆ ಮೂರೂ ಉಳಿಯಬೇಕು. ಕಂಪ್ಯೂಟರ್‌ನ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಬರುವ ಮೂಲ ಸೆಟ್ಟಿಂಗ್) ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆಗುವ ಆಯ್ಕೆಯನ್ನೂ ಹಾಕಿಡಿ. ರಾತ್ರಿ ಕರೆಂಟ್ ಹೋಗಿ ಬಂದರೆ ಬೆಳಿಗ್ಗೆ ಬಟನ್ ಒತ್ತಲು ಯಾರೂ ಇರುವುದಿಲ್ಲ.

ಹಂತ 4: ದಾರಿ ಆರಿಸಿ

ಉಳಿದ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಮೊಬೈಲ್‌ನಲ್ಲಿ ಸಿಗುವ "ಫ್ರೀ ವಿಪಿಎನ್" ಆ್ಯಪ್‌ಗೂ ಆಫೀಸ್ ವಿಪಿಎನ್‌ಗೂ ಸಂಬಂಧ ಇಲ್ಲ. ಆ ಆ್ಯಪ್ ನಿಮ್ಮನ್ನು ಬೇರೆ ಯಾರದೋ ಸರ್ವರ್‌ಗೆ ಒಯ್ಯುತ್ತದೆ, ನಿಮ್ಮ ಆಫೀಸಿಗೆ ಒಯ್ಯುವುದಿಲ್ಲ. ಕೆಲಸದ ಲ್ಯಾಪ್‌ಟಾಪ್‌ನಲ್ಲಿ ಅದು ಇರಲೇಬಾರದು.

ಎಂದೂ ಮಾಡಬಾರದ ದಾರಿ. ರೂಟರ್‌ನಲ್ಲಿ 3389 ಪೋರ್ಟ್ (ರೂಟರ್‌ನ ಸಂಖ್ಯೆ ಹಾಕಿದ ಬಾಗಿಲು) ಫಾರ್ವರ್ಡ್ ಮಾಡಿ ರಿಮೋಟ್ ಡೆಸ್ಕ್‌ಟಾಪ್ ಅನ್ನು, ಅಂದರೆ ಆಫೀಸಿನ ಕಂಪ್ಯೂಟರನ್ನು ದೂರದಿಂದ ನಡೆಸುವ ವಿಂಡೋಸ್ ಸೌಲಭ್ಯವನ್ನು, ನೇರ ಇಂಟರ್ನೆಟ್‌ಗೆ ಬಿಡುವುದು. 10 ನಿಮಿಷದಲ್ಲಿ ಆಗುತ್ತದೆ, ದುಡ್ಡು ಬೇಡ, ವೇಗವಾಗಿ ಓಡುತ್ತದೆ. ಅದಕ್ಕೇ ಎಲ್ಲರೂ ಮಾಡುತ್ತಾರೆ. ಹೀಗೆ ಬಿಟ್ಟಿದ್ದ ಒಂದು ಮಷೀನ್ ಶಾಪ್‌ಗೆ ಸೋಮವಾರ ಬೆಳಿಗ್ಗೆ ನನ್ನನ್ನು ಕರೆದಿದ್ದರು. ಎಲ್ಲಾ ಡ್ರಾಯಿಂಗ್‌ಗಳ ಹೆಸರು ಬದಲಾಗಿತ್ತು, ಒಂದೂ ತೆರೆಯುತ್ತಿರಲಿಲ್ಲ. ಬ್ಯಾಕಪ್ ಡಿಸ್ಕ್ ಅದೇ ಸರ್ವರ್‌ಗೆ ಸಿಕ್ಕಿಸಿಯೇ ಇತ್ತು, ಅದೂ ಹೋಗಿತ್ತು. ಮಾಲೀಕರು ಪೇಪರ್ ಪ್ರಿಂಟ್‌ಗಳನ್ನು ಟೇಬಲ್ ಮೇಲೆ ಹರಡಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದ್ದನ್ನು ನಾನು ಮರೆಯಲಾರೆ.

ಪೋರ್ಟ್ ಸಂಖ್ಯೆಯನ್ನು 3390 ಮಾಡಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಸಾಲದು. ತೆರೆದ ಬಾಗಿಲು ಹುಡುಕುತ್ತಾ ಇಂಟರ್ನೆಟ್ ಸುತ್ತುವ ದಾಳಿಕೋರರ ಯಂತ್ರಗಳು ಎಲ್ಲಾ ಪೋರ್ಟ್‌ಗಳನ್ನೂ ತಟ್ಟುತ್ತವೆ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ಲೋಪ ಹೊರಬಂದಾಗ ಪಾಸ್‌ವರ್ಡ್ ಗೊತ್ತಿಲ್ಲದೆಯೇ ಹಳೆಯ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಬರಬಹುದಿತ್ತು. ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತೇಪೆ (ಲೋಪ ಮುಚ್ಚುವ ಅಪ್‌ಡೇಟ್) ಬಿಡುಗಡೆ ಮಾಡಬೇಕಾಯಿತು. ನಿಮ್ಮಲ್ಲಿ ಈಗ 3389 ತೆರೆದಿದ್ದರೆ ಇದನ್ನು ಓದುವುದು ನಿಲ್ಲಿಸಿ, ಹೋಗಿ ಮುಚ್ಚಿ ಬನ್ನಿ.

ಟ್ಯಾಲಿ ತಿದ್ದಬೇಕು, ಎಂಟ್ರಿ ಹಾಕಬೇಕು ಅನ್ನುವವರಿಗೆ: ವಿಪಿಎನ್ ಒಳಗೆ ರಿಮೋಟ್ ಡೆಸ್ಕ್‌ಟಾಪ್. ಎರಡೂ ಬೇಕು. ಬರೀ ವಿಪಿಎನ್ ಹಾಕಿ, ಲ್ಯಾಪ್‌ಟಾಪ್‌ನಲ್ಲಿರುವ ಟ್ಯಾಲಿಯಿಂದ ಸರ್ವರ್‌ನ ಡೇಟಾ ಫೋಲ್ಡರ್ ತೆರೆದರೆ ಮೊದಲಿನ ಆ ಫೋನ್ ಕರೆಯೇ ಬರುತ್ತದೆ. ಕಾರಣ ಸರಳ. ಇಂಥ ಸಾಫ್ಟ್‌ವೇರ್ ಒಂದು ವರದಿಗೆ ಡೇಟಾ ಫೈಲನ್ನು ಸಾವಿರಾರು ಸಲ ಚೂರು ಚೂರಾಗಿ ಓದುತ್ತದೆ. ಆಫೀಸಿನ ಕೇಬಲ್‌ನಲ್ಲಿ ಒಂದು ಸಲ ಹೋಗಿ ಬರಲು 1 ಮಿಲಿಸೆಕೆಂಡ್ ಸಾಕು. ಮೊಬೈಲ್ ನೆಟ್‌ನಲ್ಲಿ 60 ಆಗಬಹುದು. ಸಾವಿರ ಸಲ ಓದಿದರೆ ಅಲ್ಲಿ 1 ಸೆಕೆಂಡ್, ಇಲ್ಲಿ ಪೂರ್ತಿ 1 ನಿಮಿಷ. ಇಂಟರ್ನೆಟ್ ವೇಗ ಎಷ್ಟು ಹೆಚ್ಚಿಸಿದರೂ ಈ ಓಡಾಟದ ಸಮಯ ಕಡಿಮೆ ಆಗುವುದಿಲ್ಲ. ಎಂಟ್ರಿ ಹಾಕುವಾಗ ಮಧ್ಯೆ ಸಿಗ್ನಲ್ ಹೋದರೆ ಡೇಟಾ ಕೆಡುವ ಭಯ ಬೇರೆ.

ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಟ್ಯಾಲಿ ಆಫೀಸಿನಲ್ಲೇ ಓಡುತ್ತದೆ. ಪರದೆಯ ಚಿತ್ರ ಮಾತ್ರ ನಿಮಗೆ ಬರುತ್ತದೆ. 1–2 ಎಂಬಿಪಿಎಸ್ ಸಾಕು. ಸಿಗ್ನಲ್ ಹೋದರೂ ಕೆಲಸ ಅಲ್ಲೇ ಇರುತ್ತದೆ, ಮತ್ತೆ ಕನೆಕ್ಟ್ ಆದಾಗ ನಿಲ್ಲಿಸಿದ ಜಾಗ ಸಿಗುತ್ತದೆ.

ಇಲ್ಲಿ ಕೆಲವು ಲೆಕ್ಕ ಮೊದಲೇ ಹಾಕಿ. ಆಫೀಸಿನ ಕಂಪ್ಯೂಟರ್‌ನಲ್ಲಿ ವಿಂಡೋಸ್ ಹೋಮ್ ಇದ್ದರೆ ಅದು ರಿಮೋಟ್ ಡೆಸ್ಕ್‌ಟಾಪ್ ಸ್ವೀಕರಿಸುವುದಿಲ್ಲ, ಪ್ರೊ ಬೇಕು. ಪ್ರೊನಲ್ಲಿ ಒಂದು ಸಲಕ್ಕೆ ಒಬ್ಬರು ಮಾತ್ರ. ಹೊರಗಿನವ ಒಳಬಂದರೆ ಕುರ್ಚಿಯಲ್ಲಿ ಕೂತವನ ಪರದೆ ಲಾಕ್ ಆಗುತ್ತದೆ. ಇಬ್ಬರು ಮೂವರು ಒಟ್ಟಿಗೆ ಬೇಕಾದರೆ ವಿಂಡೋಸ್ ಸರ್ವರ್ ಮತ್ತು ಅದರ ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್‌ಗಳು ಬೇಕು. ಪ್ರೊನ ಫೈಲ್ ತಿದ್ದಿ ಹಲವರನ್ನು ಒಳಗೆ ಬಿಡುವ ಉಪಕರಣಗಳು ಸಿಗುತ್ತವೆ, ಮುಟ್ಟಬೇಡಿ. ಲೈಸೆನ್ಸ್‌ಗೆ ವಿರುದ್ಧ, ಜೊತೆಗೆ ವಿಂಡೋಸ್ ಅಪ್‌ಡೇಟ್ ಬಂದಾಗ ಮುರಿದು ಬೀಳುತ್ತವೆ. ನಿಮ್ಮ ಟ್ಯಾಲಿ ಲೈಸೆನ್ಸ್ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನೋದನ್ನೂ ಕೊಳ್ಳುವ ಮುಂಚೆ ಒಂದು ಸಲ ಓಡಿಸಿ ನೋಡಿ.

ಡ್ರಾಯಿಂಗ್ ಬೇಕಾದವರಿಗೆ. ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ ಫೈಲನ್ನು ವಿಪಿಎನ್ ಮೂಲಕ ನೇರ ತೆರೆಯಬೇಡಿ. ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿಕೊಂಡು ತೆರೆಯಿರಿ. ಗಿರಾಕಿಗೆ ತೋರಿಸಲು ಪಿಡಿಎಫ್ ಸಾಕು ಅಂದರೆ ಅದು 2ನೇ ಹಂತದ ಕ್ಲೌಡ್ ಫೋಲ್ಡರ್‌ನಲ್ಲೇ ಮುಗಿಯಿತು.

ಈಗ ವಿಪಿಎನ್ ಯಾವುದು? ಪಬ್ಲಿಕ್ ಐಪಿ ಇದ್ದು, ರೂಟರ್ ನೋಡಿಕೊಳ್ಳುವ ಒಬ್ಬರು ಇದ್ದರೆ ವೈರ್‌ಗಾರ್ಡ್ ಎಂಬ ವಿಪಿಎನ್ ನನ್ನ ಮೊದಲ ಆಯ್ಕೆ. 2020ರಲ್ಲಿ ಅದು ಲಿನಕ್ಸ್‌ನ ತಿರುಳಿಗೇ (ಕರ್ನಲ್ 5.6) ಸೇರಿತು. ಮೈಕ್ರೋಟಿಕ್ ಕಂಪನಿಯ ರೂಟರ್‌ಗಳಲ್ಲಿ ಅವುಗಳ ಸಾಫ್ಟ್‌ವೇರ್ ರೂಟರ್‌ಒಎಸ್ 7ರಿಂದ ಸಿಗುತ್ತದೆ. ಸರಿಯಾದ ಕೀ (ಲ್ಯಾಪ್‌ಟಾಪ್‌ನಲ್ಲಿ ಉಳಿಸಿಟ್ಟ ಗುಪ್ತ ಸಂಕೇತ) ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಹೀಗಾಗಿ ದಾಳಿಕೋರರ ಹುಡುಕುವ ಯಂತ್ರಗಳಿಗೆ ಕಾಣುವುದಿಲ್ಲ. ಟವರ್ ಬದಲಾದರೂ, ವೈಫೈನಿಂದ ಮೊಬೈಲ್ ನೆಟ್‌ಗೆ ಹಾರಿದರೂ ಸಂಪರ್ಕ ತಾನೇ ಹೊಂದಿಕೊಳ್ಳುತ್ತದೆ. ಪ್ರಯಾಣದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಕೊರತೆಯೂ ಇದೆ. ಅದರಲ್ಲಿ ಯೂಸರ್ ನೇಮ್, ಒಟಿಪಿ ಇಲ್ಲ. ಕೀ ಇರುವ ಲ್ಯಾಪ್‌ಟಾಪ್ ಯಾರ ಕೈಯಲ್ಲಿದೆಯೋ ಅವರೇ ಒಳಗೆ. ಜೊತೆಗೆ ಅದು ಯುಡಿಪಿ ಎಂಬ ಸಾಗಣೆ ವಿಧಾನದಲ್ಲಿ ಮಾತ್ರ ಓಡುತ್ತದೆ. ಕೆಲವು ದೊಡ್ಡ ಕಂಪನಿಗಳ ಗೆಸ್ಟ್ ವೈಫೈನಲ್ಲಿ ಯುಡಿಪಿ ಬಂದ್ ಇರುತ್ತದೆ.

ಅಂಥ ಕಡೆ ಜಾಸ್ತಿ ಕೂರುವವರಿಗೆ ಓಪನ್‌ವಿಪಿಎನ್ ಎಂಬ ಇನ್ನೊಂದು ವಿಪಿಎನ್ ಅನ್ನು ಟಿಸಿಪಿ 443ರಲ್ಲಿ (ಸುರಕ್ಷಿತ ವೆಬ್‌ಸೈಟ್‌ಗಳು ಬಳಸುವ ಪೋರ್ಟ್) ಇಡಿ. ವೇಗ ಸ್ವಲ್ಪ ಕಡಿಮೆ, ಆದರೆ ಬ್ರೌಸರ್ ಓಡುವ ಹೆಚ್ಚಿನ ಕಡೆ ಇದೂ ಓಡುತ್ತದೆ. ಯೂಸರ್ ನೇಮ್, ಒಟಿಪಿ ಎರಡನ್ನೂ ಸೇರಿಸಬಹುದು.

ಪಬ್ಲಿಕ್ ಐಪಿ ಇಲ್ಲದವರಿಗೆ ಟೇಲ್‌ಸ್ಕೇಲ್, ಜೀರೋಟಿಯರ್ ಥರದ ವಿಪಿಎನ್ ಸೇವೆಗಳು. ಎರಡೂ ಬದಿ ಒಳಗಿನಿಂದ ಹೊರಗೆ ಕರೆ ಮಾಡಿ ನಡುವೆ ಭೇಟಿ ಆಗುತ್ತವೆ, ಹಾಗಾಗಿ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಟೇಲ್‌ಸ್ಕೇಲ್ ಒಳಗೆ ಇರುವುದು ವೈರ್‌ಗಾರ್ಡೇ. ಲಾಗಿನ್ ಮಾತ್ರ ನಿಮ್ಮ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ ಆಗುತ್ತದೆ, ಆ ಖಾತೆಯ ಎರಡನೇ ಬೀಗ (ಪಾಸ್‌ವರ್ಡ್ ಆದಮೇಲೆ ಕೇಳುವ ಒಟಿಪಿ ಥರದ್ದು) ಇಲ್ಲೂ ಸಿಗುತ್ತದೆ. ಯುಡಿಪಿ ಬಂದ್ ಇದ್ದರೆ 443ರ ಮೂಲಕ ಸುತ್ತುದಾರಿಯಲ್ಲಿ ಹೋಗುತ್ತದೆ, ಆಗ ನಿಧಾನ. ಐದಾರು ಜನ ಓಡಾಡುವ ಸಣ್ಣ ಕಾರ್ಖಾನೆಗೆ ಈಗ ನಾನು ಮೊದಲು ಇದನ್ನೇ ಹಾಕಿ ನೋಡುತ್ತೇನೆ. ಆಫೀಸಿನಲ್ಲಿ ಯಾವಾಗಲೂ ಚಾಲೂ ಇರುವ ಒಂದು ಸಣ್ಣ ಕಂಪ್ಯೂಟರ್ ಬೇಕು, ಅಷ್ಟೇ.

ಫೈರ್‌ವಾಲ್ ಪೆಟ್ಟಿಗೆಯಲ್ಲೇ ಬರುವ ಎಸ್‌ಎಸ್‌ಎಲ್ ವಿಪಿಎನ್ (ವೆಬ್‌ಸೈಟ್‌ಗಳ ಸುರಕ್ಷತಾ ವಿಧಾನ ಬಳಸುವ ವಿಪಿಎನ್). ಪೆಟ್ಟಿಗೆ ಈಗಾಗಲೇ ಇದ್ದರೆ ಎರಡು ವಿಷಯ ನೋಡಿ. ಅಪ್‌ಡೇಟ್ ಲೈಸೆನ್ಸ್ ಚಾಲ್ತಿಯಲ್ಲಿದೆಯೇ? ಅವಧಿ ಮುಗಿದ ಪೆಟ್ಟಿಗೆಯಲ್ಲಿ ವಿಪಿಎನ್ ಪುಟ ತೆರೆದಿಡುವುದು ದೊಡ್ಡ ಅಪಾಯ. ಎರಡನೆಯದು, ಆ ಕಂಪನಿ ಮುಂದೆ ಅದನ್ನು ಉಳಿಸುತ್ತದೆಯೇ? ಫೈರ್‌ವಾಲ್ ತಯಾರಿಸುವ ಫೋರ್ಟಿನೆಟ್ 2025ರಲ್ಲಿ ತನ್ನ ಸಾಫ್ಟ್‌ವೇರ್ ಫೋರ್ಟಿಒಎಸ್ 7.6.3ರಿಂದ ಎಸ್‌ಎಸ್‌ಎಲ್ ವಿಪಿಎನ್‌ನ ಟನಲ್ ಮೋಡ್ ತೆಗೆದುಹಾಕಿ ಐಪಿಸೆಕ್ ಎಂಬ ಬೇರೆ ವಿಪಿಎನ್ ವಿಧಾನಕ್ಕೆ ಹೋಗಲು ಹೇಳಿತು. ಬಿಡುಗಡೆಯ ಟಿಪ್ಪಣಿ ಓದದೆ ಅಪ್‌ಡೇಟ್ ಒತ್ತಿದರೆ ಹೊರಗಿದ್ದವರೆಲ್ಲ ಒಂದೇ ಸಲ ಹೊರಗೇ ಉಳಿಯುತ್ತಾರೆ.

ಪಿಪಿಟಿಪಿ ಅಂತ ಒಂದು ಹಳೆಯ ವಿಪಿಎನ್ ವಿಧಾನ ಹಳೆಯ ರೂಟರ್‌ಗಳಲ್ಲಿ ಇನ್ನೂ ಆಯ್ಕೆಯಾಗಿ ಕಾಣುತ್ತದೆ. ಅದರ ಬೀಗ ಮುರಿಯುವ ವಿಧಾನ 2012ರಲ್ಲೇ ಬಹಿರಂಗ ಆಗಿದೆ. 2016ರಲ್ಲಿ ಆ್ಯಪಲ್ ತನ್ನ ಫೋನ್, ಕಂಪ್ಯೂಟರ್‌ಗಳಿಂದ ಅದನ್ನು ತೆಗೆದುಹಾಕಿತು. ಬಿಡಿ.

ಎನಿಡೆಸ್ಕ್ ಥರದ, ದೂರದವರು ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಆ್ಯಪ್ ತುರ್ತಿಗೆ ಸರಿ, ದಿನನಿತ್ಯದ ದಾರಿ ಆಗಬಾರದು. ಯಾರೋ ಫೋನ್‌ನಲ್ಲಿ ಹೇಳಿದ ತಕ್ಷಣ ಆ ಆ್ಯಪ್ ತೋರಿಸುವ ಅಂಕಿಗಳನ್ನು ಓದಿ ಹೇಳುವ ಅಭ್ಯಾಸ ನೌಕರರಿಗೆ ಆಗಿಬಿಟ್ಟರೆ, ಬ್ಯಾಂಕಿನವರು ಅಂತ ಸುಳ್ಳು ಹೇಳಿ ಕರೆ ಮಾಡುವ ವಂಚಕನಿಗೂ ಅದೇ ಅಂಕಿ ಹೇಳುತ್ತಾರೆ.

ಹಂತ 5: ಕಟ್ಟುವ ಕ್ರಮ

ಮೊದಲು ಆಫೀಸಿನ ಒಳಗಿನ ಐಪಿ ಬದಲಿಸಿ. 10.47.12.0/24 (ಅಂದರೆ 10.47.12ರಿಂದ ಶುರುವಾಗುವ ಸಂಖ್ಯೆಗಳು) ಥರ ಯಾರೂ ಸುಮ್ನೆ ಇಡದ ಸಂಖ್ಯೆ ಆರಿಸಿ. 100.64ರ ಸಾಲು ಬೇಡ, ಟೇಲ್‌ಸ್ಕೇಲ್ ಅದನ್ನೇ ಬಳಸುತ್ತದೆ. ಪ್ರಿಂಟರ್, ಸಿಸಿಟಿವಿ, ಹಾಜರಿ ಯಂತ್ರ, ಸಿಎನ್‌ಸಿ ಮಷೀನ್‌ಗಳಿಗೆ ಕೈಯಿಂದ ಹಾಕಿದ ಐಪಿ ಇರುತ್ತದೆ, ಅವನ್ನೂ ಪಟ್ಟಿ ಮಾಡಿ ಬದಲಿಸಿ. ಅರ್ಧ ದಿನ ಬೇಕು ಅಂದಿದ್ದು ಇದಕ್ಕೇ. ಇದನ್ನು ಆಮೇಲೆ ಮಾಡೋಣ ಅಂತ ಮುಂದೆ ಹೋದರೆ ವಿಪಿಎನ್ ಸೆಟ್ಟಿಂಗ್ ಎಲ್ಲಾ ಎರಡು ಸಲ ಮಾಡಬೇಕಾಗುತ್ತದೆ.

ಆಮೇಲೆ ಬ್ಯಾಕಪ್. ಒಂದು ಪ್ರತಿ ಸರ್ವರ್‌ನಿಂದ ಕಿತ್ತು ಬೀರುವಿನಲ್ಲಿ ಇಡುವಂತಿರಬೇಕು. ಹೊರಗಿನಿಂದ ಬಾಗಿಲು ತೆರೆಯುವ ಮುಂಚೆ ಇದು ಆಗಲೇಬೇಕು.

ಮೂರನೆಯದು, ಎರಡೂ ಬದಿಯ ಕಂಪ್ಯೂಟರ್ ಅಪ್‌ಡೇಟ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ನಾಲ್ಕನೆಯದು ವಿಪಿಎನ್. ಮೊದಲು ಒಬ್ಬರಿಗೆ ಮಾತ್ರ. ಆ ಒಬ್ಬರು ಮಾಲೀಕರಾಗುವುದು ಬೇಡ, ವಾರದಲ್ಲಿ ನಾಲ್ಕು ದಿನ ಹೊರಗಿರುವ ಹುಡುಗ ಆಗಲಿ. ತೊಂದರೆ ಬೇಗ ಗೊತ್ತಾಗುವುದು ಅವನಿಂದ.

ಹಂತ 6: ಬೀಗ ಹಾಕಿ

ಒಬ್ಬರಿಗೆ ಒಂದು ಕೀ, ಒಂದು ಹೆಸರು. "ಸೇಲ್ಸ್" ಅಂತ ಒಂದೇ ಪಾಸ್‌ವರ್ಡ್ ಆರು ಜನಕ್ಕೆ ಕೊಟ್ಟರೆ ಒಬ್ಬ ಕೆಲಸ ಬಿಟ್ಟ ದಿನ ಎಲ್ಲರದ್ದೂ ಬದಲಿಸಬೇಕು. ಯಾರೂ ಬದಲಿಸುವುದಿಲ್ಲ, ಅದೇ ನಿಜವಾದ ಅಪಾಯ.

ಎರಡನೇ ಬೀಗ ಅಥೆಂಟಿಕೇಟರ್ ಆ್ಯಪ್‌ನಲ್ಲಿರಲಿ, ಎಸ್‌ಎಂಎಸ್‌ನಲ್ಲಿ ಬೇಡ. ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ 4 ವರ್ಷಕ್ಕೊಮ್ಮೆ ನಡೆಯುವ ಗೀಫಾ ಫೌಂಡ್ರಿ ಮೇಳ 2027ಕ್ಕೆ ಮತ್ತೆ ಬರುತ್ತದೆ. ಅಲ್ಲಿ ಹೋಗಿ ರೋಮಿಂಗ್ ಇಲ್ಲದ ಸಿಮ್‌ಗೆ ಒಟಿಪಿ ಕಾಯುತ್ತಾ ಕೂರುವ ಹಾಗೆ ಆಗಬಾರದು. ಆ್ಯಪ್‌ನ 30 ಸೆಕೆಂಡಿನ ಅಂಕಿಗೆ ಸಿಗ್ನಲ್ಲೇ ಬೇಡ. ವೈರ್‌ಗಾರ್ಡ್‌ನಲ್ಲಿ ಎರಡನೇ ಬೀಗ ಇಲ್ಲ ಅಂದೆನಲ್ಲ, ಅದನ್ನು ಹಾಕಿದ್ದರೆ ಒಳಗಿನ ರಿಮೋಟ್ ಡೆಸ್ಕ್‌ಟಾಪ್ ಪಾಸ್‌ವರ್ಡ್ ಗಟ್ಟಿ ಇರಲಿ, ಐದಾರು ತಪ್ಪಿಗೆ ಖಾತೆ ಲಾಕ್ ಆಗಲಿ.

ಒಳಬಂದವನಿಗೆ ಇಡೀ ಆಫೀಸ್ ಕಾಣಬಾರದು. ಟ್ಯಾಲಿ ಕಂಪ್ಯೂಟರ್ ಬೇಕಾದವನಿಗೆ ಅದೊಂದೇ ತೆರೆಯಲಿ. ಸಿಎನ್‌ಸಿ, ಸಿಸಿಟಿವಿ ಕಡೆಗೆ ದಾರಿ ಮುಚ್ಚಿ. ಹೆಚ್ಚಿನವರು ಈ ನಿಯಮ ಬರೆಯುವುದನ್ನು ನಾಳೆಗೆ ಬಿಡುತ್ತಾರೆ, ನಾಳೆ ಬರುವುದೇ ಇಲ್ಲ.

ಲ್ಯಾಪ್‌ಟಾಪ್ ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನದೇ ಡಿಸ್ಕ್ ಬೀಗ) ಹಾಕಿ. ರಿಕವರಿ ಕೀ ಪ್ರಿಂಟ್ ಮಾಡಿ ಆಫೀಸಿನಲ್ಲಿ ಇಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೇಡ.

ಹಂತ 7: ರಸ್ತೆಯಲ್ಲಿ ಪರೀಕ್ಷಿಸಿ

ಆಫೀಸಿನ ವೈಫೈನಲ್ಲೇ ಕೂತು ವಿಪಿಎನ್ ಹಾಕಿ "ಆಯ್ತು" ಅನ್ನಬೇಡಿ. ಅದು ಪರೀಕ್ಷೆಯೇ ಅಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ, ಎರಡೂ ಸಿಮ್‌ನಲ್ಲಿ ಒಂದೊಂದು ಸಲ ನೋಡಿ.

ನಾನು ಹೊಸ ಸಂಪರ್ಕ ಹಾಕಿದಾಗ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗುವವರ ಕೈಗೆ ಲ್ಯಾಪ್‌ಟಾಪ್ ಕೊಟ್ಟು ಕಳಿಸುತ್ತೇನೆ. ಖಾನಾಪುರ ದಾಟಿ ಲೋಂಡಾ ಕಾಡಿನೊಳಗೆ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಅಳ್ನಾವರದ ಹತ್ತಿರ ಸಿಗ್ನಲ್ ಮರಳಿದಾಗ ವಿಪಿಎನ್ ತಾನೇ ಏಳಬೇಕು. ಮತ್ತೆ ಕೈಯಿಂದ ಕನೆಕ್ಟ್ ಒತ್ತಬೇಕಾದರೆ ಸೆಟ್ಟಿಂಗ್ ತಿದ್ದಿ. ಗೋವಾ ಕಡೆ ಹೋಗುವವರಿಗೆ ಚೋರ್ಲಾ ಘಾಟ್ ಇದೇ ಪರೀಕ್ಷೆ ಮಾಡಿಕೊಡುತ್ತದೆ.

ಇನ್ನೊಂದು ಪರೀಕ್ಷೆ ಮರೆಯಬೇಡಿ. ವಿಪಿಎನ್ ಮೂಲಕ 50 ಎಂಬಿಯ ಫೈಲ್ ಕಾಪಿ ಮಾಡಿ. ಸಣ್ಣ ಫೈಲ್ ಬಂದು ದೊಡ್ಡದು ಮಧ್ಯೆ ನಿಂತರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಉದ್ದ) ತೊಂದರೆ. ವಿಪಿಎನ್‌ನ ಹೊದಿಕೆ ಸೇರಿದಾಗ ಪ್ಯಾಕೆಟ್ ಉದ್ದವಾಗಿ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಡುತ್ತದೆ. 1280ಕ್ಕೆ ಇಳಿಸಿ ನೋಡಿ. ಮೊಬೈಲ್ ನೆಟ್‌ನಲ್ಲಿ ಇದೊಂದರಿಂದಲೇ ಸರಿಹೋದ ಕೇಸು ಬಹಳ.

ಚೀನಾಕ್ಕೆ ಮಷೀನ್ ನೋಡಲು ಹೋಗುವವರಿದ್ದರೆ ಈ ಯಾವುದನ್ನೂ ನಂಬಿ ಹೋಗಬೇಡಿ. ಅಲ್ಲಿ ವಿಪಿಎನ್‌ಗೆ ಸರ್ಕಾರದ ತಡೆ ಇದೆ. ಬೇಕಾದ ಫೈಲ್ ಮೊದಲೇ ಲ್ಯಾಪ್‌ಟಾಪ್‌ನಲ್ಲಿರಲಿ.

ಹಂತ 8: ಪ್ರಯಾಣಿಕನ ಕೈಗೆ ಒಂದೇ ಹಾಳೆ

ಕನ್ನಡದಲ್ಲೋ ಮರಾಠಿಯಲ್ಲೋ, ಆತ ಓದುವ ಭಾಷೆಯಲ್ಲಿ ಬರೆಯಿರಿ. ಮೊದಲ ಸಾಲು: ಹೋಟೆಲ್ ವೈಫೈಗೆ ಸೇರಿ, ಬ್ರೌಸರ್‌ನಲ್ಲಿ ಅವರ ಲಾಗಿನ್ ಪುಟ ಮುಗಿಸಿ, ಆಮೇಲೆ ವಿಪಿಎನ್. ಈ ಕ್ರಮ ತಪ್ಪಿದರೆ ಎರಡೂ ಆಗುವುದಿಲ್ಲ, ಪುಟವೂ ಬರುವುದಿಲ್ಲ. ಎರಡನೆಯದು: ವೈಫೈನಲ್ಲಿ ಆಗದಿದ್ದರೆ ಹಾಟ್‌ಸ್ಪಾಟ್‌ಗೆ ಬದಲಿಸು. ಮೂರನೆಯದು: ಆಗಲೂ ಆಗದಿದ್ದರೆ ಪರದೆಯ ಫೋಟೋ ತೆಗೆದು ಕಳಿಸು, ಎಲ್ಲಿದ್ದೀಯ, ಯಾವ ನೆಟ್ ಅಂತ ಬರೆ. ಕೊನೆಗೆ: ಕೆಲಸ ಮುಗಿದ ಮೇಲೆ ರಿಮೋಟ್ ಡೆಸ್ಕ್‌ಟಾಪ್‌ನಿಂದ ಸೈನ್ ಔಟ್ ಆಗು, ಕಿಟಕಿ ಮುಚ್ಚಿದರೆ ಸಾಲದು.

ಹಂತ 9: ಕಳೆದರೆ, ಬಿಟ್ಟುಹೋದರೆ

ಲ್ಯಾಪ್‌ಟಾಪ್ ಕಳೆದ ಫೋನ್ ಬಂದ ಕೂಡಲೇ ಮೊದಲು ಆ ಕೀ ರದ್ದು ಮಾಡಿ. ಆಮೇಲೆ ಮೇಲ್ ಪಾಸ್‌ವರ್ಡ್, ಆಮೇಲೆ ಪೊಲೀಸ್ ದೂರು. ಕಳೆದವನನ್ನು ಬೈಯಬೇಡಿ ದಯವಿಟ್ಟು. ಬೈಗುಳಕ್ಕೆ ಹೆದರಿ ಎರಡು ದಿನ ಮುಚ್ಚಿಟ್ಟರೆ ಆ ಎರಡು ದಿನವೂ ನಿಮ್ಮ ಬಾಗಿಲು ತೆರೆದೇ ಇರುತ್ತದೆ.

ಕೆಲಸ ಬಿಟ್ಟವರ ಕೀಯನ್ನು ಕೊನೆಯ ದಿನ ಸಂಜೆಯೇ ತೆಗೆಯಿರಿ. ಲೆಕ್ಕ ಚುಕ್ತಾ ಮಾಡುವ ಹಾಳೆಯಲ್ಲೇ ಇದಕ್ಕೊಂದು ಸಾಲು ಸೇರಿಸಿ, ಆಗ ಮರೆಯುವುದಿಲ್ಲ.

ಎಚ್ಚರಿಕೆಯ ಗುರುತುಗಳು

ವಾರಕ್ಕೊಮ್ಮೆ ಹತ್ತು ನಿಮಿಷ ವಿಪಿಎನ್ ಲಾಗ್ (ಯಾರು ಯಾವಾಗ ಒಳಬಂದರು ಎಂಬ ದಾಖಲೆ) ನೋಡಿ. ರಾತ್ರಿ 2 ಗಂಟೆಗೆ ಲಾಗಿನ್ ಆಗಿದೆ, ಆ ಹುಡುಗ ಮನೆಯಲ್ಲಿ ಮಲಗಿದ್ದ. ಬೆಳಿಗ್ಗೆ ಬೆಳಗಾವಿ, ಹತ್ತು ನಿಮಿಷಕ್ಕೆ ಬೇರೆ ದೇಶದ ಐಪಿ. ಒಂದೇ ಹೆಸರಿಗೆ ನೂರಾರು ತಪ್ಪು ಪಾಸ್‌ವರ್ಡ್. ನೀವು ಮಾಡದ ಹೊಸ ಅಡ್ಮಿನ್ ಖಾತೆ. ಆ್ಯಂಟಿವೈರಸ್ ತಾನೇ ಆಫ್ ಆಗಿದೆ. ಯಾರೂ ಕೇಳದೇ ಫೋನ್‌ನಲ್ಲಿ "ಲಾಗಿನ್ ಒಪ್ಪಿಗೆ ಕೊಡಿ" ಅಂತ ಬರುತ್ತಿದೆ. ಇವುಗಳಲ್ಲಿ ಒಂದು ಕಂಡರೂ ಮೊದಲು ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕೀಳಿ. ಕಂಪ್ಯೂಟರ್ ಆರಿಸಬೇಡಿ, ಸಾಕ್ಷಿ ಅಳಿಸಿಹೋಗುತ್ತದೆ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಲಾಗ್‌ಗಳನ್ನು 180 ದಿನ ಉಳಿಸಬೇಕು. ಎಷ್ಟೋ ರೂಟರ್‌ಗಳು ಆಫ್ ಆಗಿ ಆನ್ ಆದರೆ ಲಾಗ್ ಕಳೆದುಕೊಳ್ಳುತ್ತವೆ. ಅದಕ್ಕೆ ಲಾಗ್ ಅನ್ನು ಬೇರೆ ಕಂಪ್ಯೂಟರ್‌ಗೆ ಕಳಿಸುವ ಸೆಟ್ಟಿಂಗ್ ಇವತ್ತೇ ಹಾಕಿ. ಖಾತೆಯಿಂದ ದುಡ್ಡೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.